ಬಾಗಿಲು ಮುಚ್ಚಿದಾಗ ಗಲ್ಫ್‌ನಲ್ಲಿ ಸಿಕ್ಕಿಬಿದ್ದವರು ಏನು ಮಾಡಬಹುದು?

ಕಾಸರಗೋಡು: 2020ರ ಮೇ 12ರಂದು ದುಬೈಯಿಂದ ಹೊರಟ ಎರಡು ವಿಮಾನಗಳು ಒಂದೇ ದಿನ ಎರಡು ಊರುಗಳಲ್ಲಿ ಇಳಿದವು. ಒಂದು ಮಂಗಳೂರಿನಲ್ಲಿ, ಇನ್ನೊಂದು ಕಣ್ಣೂರಿನಲ್ಲಿ. ಮಂಜೇಶ್ವರ, ಉಪ್ಪಳ, ಪೈವಳಿಕೆ ಕಡೆಯವರಿಗೆ ಮಂಗಳೂರು ವಿಮಾನ ನಿಲ್ದಾಣ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಕಣ್ಣೂರಿನದ್ದು ನೂರು ಕಿಲೋಮೀಟರಿಗೂ ಹೆಚ್ಚು. ಆದರೆ ಆ ದಿನಗಳಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತಿರಲಿಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿರುವ ವಿಳಾಸ ಯಾವ ರಾಜ್ಯದ್ದು ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಇಳಿದ ರಾಜ್ಯದಲ್ಲೇ ಕ್ವಾರಂಟೈನ್, ಆ ರಾಜ್ಯದ್ದೇ ಪಾಸ್, ಆ ರಾಜ್ಯದ್ದೇ ಆಂಬುಲೆನ್ಸ್. ತಲಪಾಡಿಯಲ್ಲಿ ಪೊಲೀಸ್ ಕಾವಲು. ಹೀಗಾಗಿ ಗಡಿನಾಡಿನ ಅನಿವಾಸಿಗಳಿಗೆ ದಾಟಬೇಕಾದ ಗಡಿಗಳು ಎರಡಾದವು. ಮೊದಲನೆಯದು ಸಮುದ್ರದ ಆಚೆ, ಎರಡನೆಯದು ಮನೆಯ ಹತ್ತಿರ.

ಆ ಕಾಲ ಕಳೆದು ವರ್ಷಗಳಾದವು. ಮಾಸ್ಕ್ ಹೋಯಿತು, ಪಾಸ್ ಹೋಯಿತು. ಆದರೆ ಗಡಿ ಮುಚ್ಚುವುದು ಸಾಂಕ್ರಾಮಿಕ ರೋಗ ಬಂದಾಗ ಮಾತ್ರ ಎಂದುಕೊಂಡಿದ್ದವರಿಗೆ 2025ರ ಜೂನ್ ಬೇರೆಯೇ ಪಾಠ ಹೇಳಿತು. ಇರಾನ್ ಮತ್ತು ಇಸ್ರೇಲ್ ನಡುವಿನ ಸಂಘರ್ಷದ ಸಂದರ್ಭದಲ್ಲಿ ಜೂನ್ 23ರ ರಾತ್ರಿ ಕತಾರಿನ ಅಲ್ ಉದೈದ್ ನೆಲೆಯತ್ತ ಇರಾನಿನ ಕ್ಷಿಪಣಿಗಳು ಹಾರಿದಾಗ ಕತಾರ್, ಯುಎಇ, ಕುವೈತ್ ಮತ್ತು ಬಹರೈನ್ ತಮ್ಮ ವಾಯುಪ್ರದೇಶವನ್ನೇ ಮುಚ್ಚಿದ್ದವು. ಕೆಲವು ಗಂಟೆಗಳಲ್ಲಿ ಮತ್ತೆ ತೆರೆದವು, ನಿಜ. ಅದೇ ತಿಂಗಳು ಇರಾನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಭೂಮಾರ್ಗವಾಗಿ ಅರ್ಮೇನಿಯಾಕ್ಕೆ ದಾಟಿ, ‘ಆಪರೇಶನ್ ಸಿಂಧು’ ಹೆಸರಿನಲ್ಲಿ ಯೆರೆವಾನಿನಿಂದ ದೆಹಲಿಗೆ ಬಂದಿಳಿದರು. ಇನ್ನೂ ಹಿಂದಕ್ಕೆ ಹೋದರೆ 1990ರ ಕುವೈತ್. ಇರಾಕಿನ ಸೇನೆ ನುಗ್ಗಿದ ಮೇಲೆ ಸುಮಾರು 1.7 ಲಕ್ಷ ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ಕರೆತರಲಾಯಿತು. ಆ ಬಸ್ಸುಗಳಲ್ಲಿ ಮರುಭೂಮಿ ದಾಟಿದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಕೇಳಿದರೆ ಇವತ್ತಿಗೂ ಹೇಳುತ್ತಾರೆ.

ಹಾಗಾದರೆ ಮುಂದಿನ ಸಲ ಬಾಗಿಲು ಮುಚ್ಚಿದಾಗ ಅಲ್ಲಿ ಸಿಕ್ಕಿಬಿದ್ದವನು ಏನು ಮಾಡಬಹುದು? ಉತ್ತರಕ್ಕೆ 2020 ಮತ್ತು 2021ರ ಘಟನೆಗಳನ್ನೇ ಮತ್ತೊಮ್ಮೆ ನೋಡಬೇಕು.

ಬಾಗಿಲು ಮುಚ್ಚಿದ್ದು ಹೇಗೆ

ಕುವೈತ್ 2020ರ ಮಾರ್ಚ್ 13ರಂದು, ಸೌದಿ ಅರೇಬಿಯ ಮಾರ್ಚ್ 15ರಂದು ವಿಮಾನ ನಿಲ್ಲಿಸಿದವು. ಮಾರ್ಚ್ 19ರಂದು ಭಾರತ ಸರಕಾರ, 22ರಿಂದ ಯಾವುದೇ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನ ಇಳಿಯುವಂತಿಲ್ಲ ಎಂದು ಪ್ರಕಟಿಸಿತು. ಮೊದಲು ಹೇಳಿದ್ದು ಒಂದು ವಾರ ಎಂದು. ಯುಎಇ ಮಾರ್ಚ್ 23ರಂದು ಪ್ರಕಟಣೆ ಹೊರಡಿಸಿ 48 ಗಂಟೆಗಳಲ್ಲಿ ಎಲ್ಲ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತು. ಅದು ಹೇಳಿದ್ದು ಎರಡು ವಾರ. ಭಾರತಕ್ಕೆ ನಿಯಮಿತ ಅಂತಾರಾಷ್ಟ್ರೀಯ ವಿಮಾನ ಸಂಚಾರ ಪೂರ್ಣವಾಗಿ ಮರಳಿದ್ದು ಯಾವಾಗ? 2022ರ ಮಾರ್ಚ್ 27ರಂದು. ಒಂದು ವಾರ ಎಂದು ಆರಂಭವಾದದ್ದು ಎರಡು ವರ್ಷ ನಡೆಯಿತು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಾಮಾನ್ಯವಾಗಿ ದೇಶಗಳು ಬೇರೆಯವರಿಗೆ ಬಾಗಿಲು ಹಾಕುತ್ತವೆ, ತಮ್ಮವರಿಗಲ್ಲ. ಇಲ್ಲಿ ಭಾರತ ತನ್ನ ಪ್ರಜೆಗಳಿಗೂ ಬಾಗಿಲು ಹಾಕಿತ್ತು. ಭಾರತ 1979ರಲ್ಲಿ ಒಪ್ಪಿಕೊಂಡ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿ, ಸ್ವಂತ ದೇಶ ಪ್ರವೇಶಿಸುವ ಹಕ್ಕನ್ನು ಮನಬಂದಂತೆ ಕಸಿಯಕೂಡದು ಎನ್ನುತ್ತದೆ. ವಿದೇಶದಲ್ಲಿ ಸಿಲುಕಿದವರನ್ನು ಕರೆತರಬೇಕೆಂಬ ಅರ್ಜಿಗಳು ಏಪ್ರಿಲ್ 13ರಂದು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ನ್ಯಾಯಾಲಯ ಇದ್ದವರು ಇದ್ದಲ್ಲೇ ಇರಲಿ ಎಂದು ನಾಲ್ಕು ವಾರ ಮುಂದೂಡಿತು. ಅಂದರೆ ಕಾನೂನಿನ ದಾರಿ ಇದೆ, ಆದರೆ ನಿಧಾನ. ಅಲ್ಲಿ ರೂಮಿನ ಬಾಡಿಗೆ ಕಟ್ಟಬೇಕಾದವನಿಗೆ ನಾಲ್ಕು ವಾರ ಎಂದರೆ ಒಂದು ತಿಂಗಳ ಬಾಡಿಗೆ.

ಅದರ ನಡುವೆ ಯುಎಇ ಕಾರ್ಮಿಕ ಸಚಿವಾಲಯ, ತಮ್ಮ ಪ್ರಜೆಗಳನ್ನು ವಾಪಸ್ ಕರೆಸಿಕೊಳ್ಳದ ದೇಶಗಳ ವಿಚಾರದಲ್ಲಿ ಮುಂದೆ ಕಠಿಣ ನಿಲುವು ತಳೆಯಬೇಕಾದೀತು ಎಂದು ಏಪ್ರಿಲಿನಲ್ಲಿ ಎಚ್ಚರಿಕೆ ಕೊಟ್ಟದ್ದೂ ಉಂಟು. ಒಂದು ಕಡೆ ಹೋಗು ಎನ್ನುವ ಸರಕಾರ, ಇನ್ನೊಂದು ಕಡೆ ಬರಬೇಡ ಎನ್ನುವ ಸರಕಾರ. ನಡುವೆ ಎಂಟು ಜನ ಮಲಗುವ ಬೆಡ್‌ಸ್ಪೇಸ್ ರೂಮು.

ಹೀಗಿರುವಾಗ ಮೊದಲ ಪಾಠ ಸರಳ. ‘ಒಂದು ವಾರ ಮಾತ್ರ’ ಎಂಬ ಪ್ರಕಟಣೆಯನ್ನು ನಂಬಿ ಕೈಯಲ್ಲಿರುವ ಹಣವನ್ನು ಊರಿಗೆ ಕಳುಹಿಸಿ ಖಾಲಿ ಮಾಡಿಕೊಳ್ಳಬಾರದು. ಮನೆಯವರಿಗೆ ಕಷ್ಟ ಎನ್ನುವುದು ಸತ್ಯವೇ. ಆದರೆ ಊರಿನಲ್ಲಿ ಸಾಲ ಹುಟ್ಟುತ್ತದೆ, ನೈಫ್‌ನಲ್ಲಿ ಹುಟ್ಟುವುದಿಲ್ಲ.

ವೀಸಾ ಮುಗಿದರೆ

ಸಿಕ್ಕಿಬಿದ್ದವರು ಎಲ್ಲರೂ ಒಂದೇ ಬಗೆಯವರಲ್ಲ. ಕೆಲಸವೂ ವೀಸಾವೂ ಇರುವವನಿಗೆ ಊರಿಗೆ ಹೋಗಲಾಗದ ಬೇಸರ ಮಾತ್ರ. ವೀಸಾ ಇದ್ದು ಕೆಲಸ ಹೋದವನದ್ದು ಬೇರೆ ಕಥೆ. ಎಲ್ಲಕ್ಕಿಂತ ಕಷ್ಟ ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಲು ಹೋದವನದ್ದು. ಅವನಿಗೆ ಕಂಪೆನಿ ಇಲ್ಲ, ಕ್ಯಾಂಪ್ ಇಲ್ಲ, ಇನ್ಶೂರೆನ್ಸ್ ಸಾಲದು, ದಿನ ಮುಗಿದರೆ ದಂಡ. ಅವನು ಊರಲ್ಲಿ ಟಿಕೆಟಿಗೆ ಮಾಡಿದ ಸಾಲವೇ ತೀರಿರುವುದಿಲ್ಲ.

2020ರಲ್ಲಿ ಯುಎಇ ಮಾಡಿದ ವ್ಯವಸ್ಥೆ ಹೀಗಿತ್ತು. ಮಾರ್ಚ್ 1ರ ನಂತರ ಅವಧಿ ಮುಗಿದ ವೀಸಾಗಳು ಡಿಸೆಂಬರ್ ಕೊನೆಯವರೆಗೆ ಸಿಂಧು ಎಂದು ಮೊದಲು ಹೇಳಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಜುಲೈಯಲ್ಲಿ ಆ ತೀರ್ಮಾನವನ್ನೇ ಹಿಂದೆಗೆದು, ಹೊಸ ಗಡುವು ಕೊಟ್ಟಿತು. ಮಾರ್ಚ್ 1ಕ್ಕಿಂತ ಮೊದಲೇ ಅವಧಿ ಮುಗಿದಿದ್ದವರಿಗೆ ದಂಡವಿಲ್ಲದೆ ದೇಶ ಬಿಡಲು ಮೇ 18ರಿಂದ ಮೂರು ತಿಂಗಳ ರಿಯಾಯಿತಿ. ಅದು ಮುಂದೆ ಎರಡು ಸಲ ವಿಸ್ತರಣೆಯಾಗಿ ವರ್ಷದ ಕೊನೆಗೆ ಹೋಯಿತು. ಕುವೈತ್ ಏಪ್ರಿಲ್ ತಿಂಗಳಿಡೀ ಕ್ಷಮಾದಾನ ಘೋಷಿಸಿತು. ಅದನ್ನು ನಂಬಿ ಶರಣಾದವರು ಶಿಬಿರಗಳಲ್ಲಿ ಕಾದು ಕುಳಿತರು, ಏಕೆಂದರೆ ಭಾರತಕ್ಕೆ ವಿಮಾನವೇ ಇರಲಿಲ್ಲ.

ಡಿಸೆಂಬರ್ ತನಕ ಇದೆಯಲ್ಲ ಎಂದು ಸುಮ್ಮನಿದ್ದವರೇ ಜುಲೈಯಲ್ಲಿ ಒಮ್ಮೆಲೇ ಟೈಪಿಂಗ್ ಸೆಂಟರುಗಳ ಮುಂದೆ ನಿಂತದ್ದು. ವಿನಾಯಿತಿ ಎಂದರೆ ಕೊಟ್ಟವರೇ ಹಿಂದೆಗೆಯಬಹುದಾದದ್ದು. ಸಿಕ್ಕ ವಾರದಲ್ಲೇ ಬಳಸಿಕೊಂಡವನು ಗೆದ್ದ. ವಾಟ್ಸಾಪಿನಲ್ಲಿ ಬಂದ ‘ಇನ್ನೂ ಆರು ತಿಂಗಳು ಕೊಟ್ಟಿದ್ದಾರಂತೆ’ ಎಂಬ ಸಂದೇಶದ ಮೇಲೆ ತೀರ್ಮಾನ ಮಾಡದೆ, ಆ ದೇಶದ ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ತನ್ನದೇ ಫೈಲ್ ನಂಬರ್ ಹಾಕಿ ದಿನಾಂಕ ನೋಡಿಕೊಳ್ಳಬೇಕು. ಇದಕ್ಕೆ ಯಾರ ಸಹಾಯವೂ ಬೇಡ.

ಪಾಸ್‌ಪೋರ್ಟಿನ ಅವಧಿಯ ಬಗ್ಗೆಯೂ ಒಂದು ಮಾತು. ವೀಸಾಕ್ಕೆ ರಿಯಾಯಿತಿ ಕೊಡುವ ದೇಶ ಪಾಸ್‌ಪೋರ್ಟಿಗೆ ಕೊಡುವುದಿಲ್ಲ. ಅದು ಭಾರತದ ಕೈಯಲ್ಲಿರುವುದು. ಪಾಸ್‌ಪೋರ್ಟ್ ಕಳೆದುಹೋದರೆ, ಸ್ಪಾನ್ಸರ್ ಇಟ್ಟುಕೊಂಡಿದ್ದರೆ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ನಮ್ಮವರು ಔಟ್‌ಪಾಸ್ ಎನ್ನುವುದು ಇದನ್ನೇ. ಆದರೆ ಅದು ಒಂದೇ ಸಲ, ಒಂದೇ ದಿಕ್ಕಿಗೆ. ಅದರಲ್ಲಿ ಬಂದವನು ಮತ್ತೆ ಅದೇ ವೀಸಾದಲ್ಲಿ ಹಿಂತಿರುಗುವ ಆಸೆ ಇಟ್ಟುಕೊಳ್ಳಬಾರದು.

ಪಟ್ಟಿಯಲ್ಲಿ ಹೆಸರು

2020ರ ಏಪ್ರಿಲ್ 26ರಂದು ಕೇರಳದ ನೋರ್ಕಾ ರೂಟ್ಸ್ ಹೆಸರು ನೋಂದಣಿ ಆರಂಭಿಸಿತು. ಕೆಲವೇ ದಿನಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ತಿಂಗಳ ಕೊನೆಗೆ ಯುಎಇಯ ಭಾರತೀಯ ರಾಯಭಾರ ಕಚೇರಿಯೂ ತನ್ನದೇ ನೋಂದಣಿ ತೆರೆಯಿತು. ಅಲ್ಲಿ ಸೇರಿದ ಹೆಸರುಗಳು ಒಂದೂವರೆ ಲಕ್ಷ ದಾಟಿದವು. ಇಲ್ಲಿಯೇ ದೊಡ್ಡ ಗೊಂದಲ. ನೋರ್ಕಾದಲ್ಲಿ ಹೆಸರು ಕೊಟ್ಟ ಸಾವಿರಾರು ಮಂದಿ ಆಯಿತು, ಇನ್ನು ಕರೆ ಬರುತ್ತದೆ ಎಂದು ಕುಳಿತರು. ಆದರೆ ವಂದೇ ಭಾರತ್ ವಿಮಾನಕ್ಕೆ ಯಾರು ಹತ್ತಬೇಕೆಂದು ಆರಿಸಿದ್ದು ರಾಯಭಾರ ಕಚೇರಿ. ರಾಜ್ಯದ ಪಟ್ಟಿ ಇದ್ದುದು ಮುಖ್ಯವಾಗಿ ಇಲ್ಲಿ ಕ್ವಾರಂಟೈನ್ ವ್ಯವಸ್ಥೆಗೆ. ಎರಡರಲ್ಲೂ ಹೆಸರು ಬೇಕಿತ್ತು. ಇದನ್ನು ಸ್ಪಷ್ಟವಾಗಿ ಹೇಳಬೇಕಾದವರು ಹೇಳಲಿಲ್ಲ ಎಂಬ ದೂರು ಆಗಲೂ ಇತ್ತು. ಹೇಳಿದ್ದು ಹೆಚ್ಚಾಗಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಕಲಿತು ಗಲ್ಫಿಗೆ ಹೋದ ಪೈವಳಿಕೆಯ, ವರ್ಕಾಡಿಯ ಹುಡುಗನಿಗೆ ಅದನ್ನು ಓದಿ ಹೇಳಬೇಕಾದವನು ಪಕ್ಕದ ಬೆಡ್ಡಿನ ಮಲಪ್ಪುರದವನು.

ಮೇ 7ರಂದು ಅಬುಧಾಬಿಯಿಂದ ಕೊಚ್ಚಿಗೆ, ದುಬೈಯಿಂದ ಕೋಝಿಕ್ಕೋಡಿಗೆ ಮೊದಲ ಎರಡು ವಿಮಾನಗಳು ಬಂದವು. ಮೊದಲ ಹಂತದಲ್ಲಿ 12 ದೇಶಗಳಿಂದ 64 ವಿಮಾನಗಳು, ಒಟ್ಟು ಸುಮಾರು 14,800 ಜನ ಎಂಬುದು ಯೋಜನೆ. ಯುಎಇಯೊಂದರಲ್ಲೇ ಒಂದೂವರೆ ಲಕ್ಷ ಕಾದಿರುವಾಗ ಇದು ಕಡಲಿಗೆ ಕೊಡದಲ್ಲಿ ನೀರು ಹೊಯ್ದಂತೆ. ನೌಕಾಪಡೆಯ ಐಎನ್‌ಎಸ್ ಜಲಾಶ್ವ ಮಾಲ್ದೀವ್ಸಿನಿಂದ 698 ಮಂದಿಯನ್ನು ಮೇ 10ರಂದು ಕೊಚ್ಚಿಗೆ ತಂದಿತು. ಗರ್ಭಿಣಿಯರು, ರೋಗಿಗಳು, ವೃದ್ಧರು, ಕೆಲಸ ಕಳೆದುಕೊಂಡವರು, ಮನೆಯಲ್ಲಿ ಸಾವು ಸಂಭವಿಸಿದವರು ಮೊದಲು ಎಂಬ ಕ್ರಮ ನಿಗದಿಯಾಯಿತು.

ಕ್ರಮ ಸರಿಯೇ. ಆದರೆ ಅದನ್ನು ಸಾಬೀತುಪಡಿಸುವುದು ಕಾಗದ. ಕೆಲಸ ಹೋಗಿದೆ ಎಂದು ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಕಂಪೆನಿಯ ಟರ್ಮಿನೇಶನ್ ಪತ್ರ ಬೇಕು. ರೋಗ ಇದ್ದರೆ ಅಲ್ಲಿಯ ಆಸ್ಪತ್ರೆಯ ವರದಿ. ಮೊಬೈಲ್ ನಂಬರ್ ಬದಲಾದರೆ ಫಾರ್ಮಿನಲ್ಲೂ ಬದಲಾಯಿಸಬೇಕು. ಕರೆ ಬಂದಾಗ ರೀಚಾರ್ಜ್ ಇಲ್ಲದೆ ಸ್ವಿಚ್ ಆಫ್ ಆಗಿದ್ದ ಫೋನಿನ ಮಾಲೀಕನ ಸೀಟು ಮುಂದಿನವನಿಗೆ. ಪಾಸ್‌ಪೋರ್ಟ್, ವೀಸಾ ಪುಟ, ಐಡಿ ಕಾರ್ಡ್, ಲೇಬರ್ ಕಾಂಟ್ರಾಕ್ಟ್ ಈ ನಾಲ್ಕರ ಫೋಟೊ ತನ್ನ ಮೊಬೈಲಿನಲ್ಲೂ ಊರಿನ ಒಬ್ಬರ ಮೊಬೈಲಿನಲ್ಲೂ ಇದ್ದವರ ಅರ್ಜಿ ಬೇಗ ಸಾಗುತ್ತದೆ.

ಟಿಕೆಟ್ ಉಚಿತವಾಗಿರಲಿಲ್ಲ. ದುಬೈಯಿಂದ ಕೊಚ್ಚಿಗೆ ಸುಮಾರು 15,000 ರೂಪಾಯಿ. ಸರಕಾರ ಕರೆತಂದಿತು ಎಂದು ಭಾಷಣದಲ್ಲಿ ಕೇಳಿದವರಿಗೆ ಇದು ಗೊತ್ತಿರಲಿಲ್ಲ. ಇಲ್ಲಿ ಒಂದು ಹೆಸರನ್ನು ಎಲ್ಲ ಅನಿವಾಸಿಗಳೂ ನೆನಪಿಟ್ಟುಕೊಳ್ಳಬೇಕು: ಭಾರತೀಯ ಸಮುದಾಯ ಕಲ್ಯಾಣ ನಿಧಿ. 2009ರಲ್ಲಿ ಆರಂಭವಾದ ಈ ನಿಧಿ ರಾಯಭಾರ ಕಚೇರಿಗಳ ಕೈಯಲ್ಲಿದೆ. ಪಾಸ್‌ಪೋರ್ಟ್ ಮತ್ತಿತರ ಸೇವೆಗಳಿಗೆ ಹೋದಾಗ ಅನಿವಾಸಿಗಳಿಂದಲೇ ಸಣ್ಣ ಮೊತ್ತ ವಸೂಲು ಮಾಡಿ ಕಟ್ಟಿದ ಹಣ ಅದು. 2017ರ ಪರಿಷ್ಕೃತ ನಿಯಮಗಳ ಪ್ರಕಾರ ತೀರಾ ಕಷ್ಟದಲ್ಲಿರುವವರಿಗೆ ಊಟ, ವಸತಿ, ವಿಮಾನ ಟಿಕೆಟ್, ಕಾನೂನು ನೆರವು, ಮೃತದೇಹ ಸಾಗಾಟ ಇವಕ್ಕೆ ಅದನ್ನು ಬಳಸಬಹುದು. ಆದರೆ ಕೇಳದೆ ಕೊಡುವುದಿಲ್ಲ. ಕೇಳುವಾಗಲೂ ಬರವಣಿಗೆಯಲ್ಲಿ, ಆದಾಯ ಇಲ್ಲವೆಂಬುದಕ್ಕೆ ಆಧಾರದೊಂದಿಗೆ ಕೇಳಬೇಕು. ಉತ್ತರ ಬಾರದಿದ್ದರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ದೂರು ದಾಖಲಿಸಿ ನಂಬರ್ ಪಡೆಯಬೇಕು. ಊರಿನಲ್ಲಿರುವ ಮನೆಯವರೂ ದಾಖಲಿಸಬಹುದು. ನಿಧಿಯಲ್ಲಿ ಹಣ ಇದ್ದರೂ ಆ ತಿಂಗಳುಗಳಲ್ಲಿ ಕೈಬಿಚ್ಚಿ ಕೊಡಲಿಲ್ಲ ಎಂಬ ಆಕ್ಷೇಪ ಅನಿವಾಸಿ ಸಂಘಟನೆಗಳದ್ದಾಗಿತ್ತು, ಅದರಲ್ಲಿ ಹುರುಳಿದೆ. ಟಿಕೆಟಿಗೆ ದುಡ್ಡಿಲ್ಲದವರಿಗೆ ಟಿಕೆಟ್ ಕೊಟ್ಟದ್ದು ಹೆಚ್ಚಾಗಿ ಕೆಎಂಸಿಸಿಯಂಥ ಸಂಘಟನೆಗಳು, ಊರಿನ ಜಮಾಅತ್ ಕಮಿಟಿಗಳು, ಕನ್ನಡ ಸಂಘಗಳು, ಕೆಲವು ಉದ್ಯಮಿಗಳು. ಅವರೇ ಚಾರ್ಟರ್ಡ್ ವಿಮಾನಗಳನ್ನೂ ಮಾಡಿದರು. ಆ ವಿಮಾನಗಳಲ್ಲಿ ಬರುವವರಿಗೆ ಕೊರೊನಾ ನೆಗೆಟಿವ್ ಪ್ರಮಾಣಪತ್ರ ಬೇಕೆಂದು ಕೇರಳ ಸರಕಾರ ಜೂನ್‌ನಲ್ಲಿ ಪಟ್ಟು ಹಿಡಿದು, ಪ್ರತಿಭಟನೆಯ ಬಳಿಕ ಪಿಪಿಇ ಕಿಟ್ ಧರಿಸಿದರೆ ಸಾಕೆಂದು ಸಡಿಲಿಸಿತು.

ಗಡಿನಾಡಿನವರ ಪಾಡು ಇಲ್ಲಿ ಇನ್ನೊಂದು ತೂಕ ಹೆಚ್ಚು. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿ ಇರುವುದು ಕರ್ನಾಟಕದ ವಿಳಾಸದವರಿಗೆ. ಭಾಷೆ ಕನ್ನಡವಾದರೂ, ಓದಿದ್ದು ಮಂಗಳೂರಿನ ಕಾಲೇಜಿನಲ್ಲಾದರೂ, ಆಸ್ಪತ್ರೆ ದೇರಳಕಟ್ಟೆಯದ್ದಾದರೂ ಮಂಜೇಶ್ವರದವನ ವಿಳಾಸ ಕೇರಳ. ಆದ್ದರಿಂದ ಅವನು ನೋಡಬೇಕಾದ್ದು ನೋರ್ಕಾವನ್ನೇ. ನೋರ್ಕಾ ಗುರುತಿನ ಚೀಟಿ ಅಪಘಾತ ವಿಮೆಯನ್ನೂ ಒಳಗೊಂಡದ್ದು; ಮೂರು ವರ್ಷಕ್ಕೊಮ್ಮೆ ನವೀಕರಿಸುವ ಈ ಚೀಟಿಯನ್ನು ರಜೆಯಲ್ಲಿ ಬಂದಾಗಲೇ ಮಾಡಿಸಿಕೊಳ್ಳುವುದು ಲೇಸು. ಭಾರತದೊಳಗಿಂದ 1800 425 3939 ಇದರ ಉಚಿತ ಸಂಖ್ಯೆ.

ಅಡ್ಡದಾರಿ ಹಿಡಿದವರು

2021ರಲ್ಲಿ ಚಿತ್ರ ತಿರುವುಮುರುವಾಯಿತು. ಈ ಸಲ ಸಿಕ್ಕಿಬಿದ್ದದ್ದು ರಜೆಯಲ್ಲಿ ಊರಿಗೆ ಬಂದವರು. ಫೆಬ್ರವರಿ ಆರಂಭದಲ್ಲಿ ಸೌದಿ, ಏಪ್ರಿಲ್ 24ರ ರಾತ್ರಿಯಿಂದ ಯುಎಇ ಭಾರತದ ಪ್ರಯಾಣಿಕರಿಗೆ ಬಾಗಿಲು ಹಾಕಿದವು. ಆರು ತಿಂಗಳು ಹೊರಗಿದ್ದರೆ ವೀಸಾ ರದ್ದಾಗುವ ಭಯ, ಕಂಪೆನಿಯಿಂದ ದಿನಾ ಕರೆ. ಆಗ ಏಜೆಂಟರ ‘ಪ್ಯಾಕೇಜ್’ ಬಂತು: ನೇಪಾಳದಲ್ಲಿ 14 ದಿನ, ಮಾಲ್ದೀವ್ಸಿನಲ್ಲಿ 14 ದಿನ, ಆಮೇಲೆ ಅರ್ಮೇನಿಯಾ, ಉಜ್ಬೇಕಿಸ್ತಾನ. ಹೆಸರೇ ಕೇಳದ ಊರುಗಳಿಗೆ ನಮ್ಮ ಹುಡುಗರು ಲಕ್ಷಾಂತರ ರೂಪಾಯಿ ಸುರಿದು ಹೋದರು.

ಕೆಲವರು ತಲುಪಿದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎಷ್ಟೋ ಮಂದಿ ಎರಡನೆಯ ಸಲ ಸಿಕ್ಕಿಬಿದ್ದರು, ಅದೂ ತಮ್ಮವರು ಯಾರೂ ಇಲ್ಲದ ಕಡೆ. ಫೆಬ್ರವರಿಯಲ್ಲಿ ಸೌದಿ ಮತ್ತು ಕುವೈತಿಗೆ ಹೋಗಲು ದುಬೈಯಲ್ಲಿ 14 ದಿನ ಕಳೆಯುತ್ತಿದ್ದವರ ಮುಂದಿನ ದಾರಿ ನಡುವೆಯೇ ಮುಚ್ಚಿತು. ಯುಎಇಯನ್ನು ಇಂಥ ದಾರಿಯಾಗಿ ಬಳಸಬೇಡಿ, ಬಂದವರು ಮರಳಿ ಎಂದು ಭಾರತೀಯ ರಾಯಭಾರ ಕಚೇರಿಯೇ ಹೇಳಬೇಕಾಯಿತು. ಏಪ್ರಿಲ್ ಕೊನೆಗೆ ನೇಪಾಳ, ಮೂರನೆಯ ದೇಶಕ್ಕೆ ಹೋಗಲು ಬರುವ ಭಾರತೀಯರು ತನ್ನಲ್ಲಿಗೆ ಬರುವುದು ಬೇಡ ಎಂದಿತು. ಮೇ ಮೊದಲಲ್ಲಿ ಕಾಠ್ಮಂಡುವಿನ ಅಂತಾರಾಷ್ಟ್ರೀಯ ವಿಮಾನಗಳೇ ನಿಂತವು. ಹೋಟೆಲಿನಲ್ಲಿ ಹತ್ತು ದಿನ ಕಳೆದವನು ಮುಂದೂ ಹೋಗಲಾರ, ಕೊಟ್ಟ ಹಣವೂ ಬರದು.

ಈ ದಾರಿ ಹಿಡಿಯುವವನು ಏಜೆಂಟನ ಬಳಿ ಕೇಳಬೇಕಾದ್ದು ಮೂರೇ ಮಾತು. ನಡುವೆ ನಿಯಮ ಬದಲಾದರೆ ಹೋಟೆಲ್ ಹಣ ಯಾರದ್ದು? ಎರಡನೆಯ ಹಂತದ ಟಿಕೆಟ್ ನಿಜವಾಗಿ ಬುಕ್ ಆಗಿದೆಯೋ, ಪಿಎನ್‌ಆರ್ ಎಲ್ಲಿ? ರಸೀದಿ ಕೊಡುತ್ತೀರಾ? ಮೂರನೆಯದಕ್ಕೆ ‘ಅದೆಲ್ಲ ಬೇಡ ಮಾರಾಯ, ನಂಬಿಕೆ ಸಾಕು’ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದು. ಪಿಎನ್‌ಆರ್ ನಂಬರನ್ನು ವಿಮಾನ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಲು ಎರಡು ನಿಮಿಷ ಸಾಕು.

ಕಾದವರ ಕಥೆ ಏನಾಯಿತು? ದುಬೈ ವಲಸೆ ಇಲಾಖೆ ಹೊರಗಿದ್ದವರ ವೀಸಾ ಅವಧಿಯನ್ನು ಆ ವರ್ಷದ ಕೊನೆಯ ತಿಂಗಳುಗಳವರೆಗೆ ವಿಸ್ತರಿಸಿತು. ಆಗಸ್ಟ್ 5ರಿಂದ ಯುಎಇಯಲ್ಲೇ ಎರಡು ಡೋಸ್ ಲಸಿಕೆ ಪಡೆದಿದ್ದ ನಿವಾಸಿಗಳಿಗೆ ಮೊದಲು ಅವಕಾಶ ಸಿಕ್ಕಿತು. ಸೌದಿಗೆ ನೇರ ದಾರಿ ತೆರೆದದ್ದು ಡಿಸೆಂಬರ್ 1ರಂದು. ಹಾಗಾಗಿ ಯುಎಇಯವನಿಗೆ ಕಾಯುವುದು ಲಾಭ, ಸೌದಿಯವನಿಗೆ ಹತ್ತು ತಿಂಗಳು ಕಾಯಲು ಸಾಧ್ಯವೇ ಇಲ್ಲ. ಎಲ್ಲರಿಗೂ ಒಂದೇ ಸಲಹೆ ಹೇಳುವವರು ಎರಡೂ ದೇಶವನ್ನು ನೋಡದವರು.

ಕಾಗದದ ಮಹಿಮೆ ಇಲ್ಲೂ ಕಂಡಿತು. ಲಸಿಕೆ ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟ್ ನಂಬರ್ ಇಲ್ಲದಿದ್ದರೆ, ಕೋವಿಶೀಲ್ಡ್ ಎಂದರೆ ಆಸ್ಟ್ರಾಜೆನೆಕಾ ಎಂಬುದು ನಮೂದಾಗದಿದ್ದರೆ ಅಲ್ಲಿ ಒಪ್ಪುತ್ತಿರಲಿಲ್ಲ. ಕೊವ್ಯಾಕ್ಸಿನ್ ಹಾಕಿಸಿಕೊಂಡವರು ತಿಂಗಳುಗಟ್ಟಲೆ ಕೈಕಟ್ಟಿ ಕುಳಿತರು. ವಿದೇಶಕ್ಕೆ ಹೋಗುವವರಿಗೆ 84 ದಿನ ಕಾಯದೆ 28 ದಿನಕ್ಕೇ ಎರಡನೆಯ ಡೋಸ್ ಕೊಡಬಹುದೆಂದು ಕೇಂದ್ರ ಜೂನ್‌ನಲ್ಲಿ ಹೇಳಿತು.

ಸಂಬಳ, ಸೆಟ್ಲ್‌ಮೆಂಟ್, ಟಿಕೆಟ್ ಹಣ

ಊರು ಸೇರುವ ಆತುರದಲ್ಲಿ ಅನೇಕರು ಕಂಪೆನಿ ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದರು. ಕೆಲವದರಲ್ಲಿ ‘ಎಲ್ಲ ಬಾಕಿ ಸಂದಿದೆ’ ಎಂದಿತ್ತು. ಒಮ್ಮೆ ಸಹಿ ಬಿದ್ದರೆ ಆಮೇಲೆ ಇಲ್ಲಿಂದ ಏನು ಕೂಗಿದರೂ ಕೇಳುವವರಿಲ್ಲ. 2020ರ ಮಾರ್ಚ್‌ನಲ್ಲಿ ಯುಎಇ ಹೊರಡಿಸಿದ 279ನೇ ಆದೇಶ ಸಂಬಳ ಕಡಿತ, ಸಂಬಳವಿಲ್ಲದ ರಜೆ ಇತ್ಯಾದಿಗೆ ಕಂಪೆನಿಗಳಿಗೆ ದಾರಿ ಮಾಡಿಕೊಟ್ಟಿತ್ತು, ಆದರೆ ನೌಕರನ ಒಪ್ಪಿಗೆಯೊಂದಿಗೆ ಮಾತ್ರ. ಆ ಒಪ್ಪಿಗೆಯ ಕಾಗದವೇ ಹಲವರ ಕೈಗೆ ಬಂದದ್ದು.

ಯುಎಇ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ನಂತರದ ವರ್ಷಗಳಿಗೆ 30 ದಿನದ್ದು ಗ್ರಾಚ್ಯುಟಿ. ಹತ್ತು ವರ್ಷ ದುಡಿದವನಿಗೆ ಅದು ಇಲ್ಲಿ ಮನೆಯ ಮಾಡು ಕಟ್ಟುವಷ್ಟು ಹಣ. ಅದು ಸಿಗುವ ತನಕ ವಿಮಾನ ಬಿಟ್ಟುಕೊಡಿ ಎಂದು ಹೇಳುವುದು ಸುಲಭ, ಬಿಡುವುದು ಕಷ್ಟ. ನಡುವಿನ ದಾರಿ ಎಂದರೆ ಹೊರಡುವ ಮೊದಲು ಕಾರ್ಮಿಕ ಸಚಿವಾಲಯದಲ್ಲಿ ದೂರು ದಾಖಲಿಸಿ, ಅಲ್ಲೇ ಉಳಿಯುವ ನಂಬಿಕಸ್ತನೊಬ್ಬನಿಗೆ ದೃಢೀಕೃತ ಮುಕ್ತ್ಯಾರ್ ಪತ್ರ ಬರೆದುಕೊಟ್ಟು ಬರುವುದು. ಸಂಬಳ ಬ್ಯಾಂಕಿಗೆ ಬರುತ್ತಿದ್ದವರು ಆರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಬೇಕು. ದೇಶ ಬಿಟ್ಟ ಮೇಲೆ ಸಿಮ್ ಸತ್ತರೆ ಒಟಿಪಿ ಬರುವುದಿಲ್ಲ, ಖಾತೆಯೂ ತೆರೆಯುವುದಿಲ್ಲ.

ರದ್ದಾದ ಟಿಕೆಟಿನ ಹಣದ ಬಗ್ಗೆ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತು. ಲಾಕ್‌ಡೌನ್ ಅವಧಿಯಲ್ಲೇ, ಅದೇ ಅವಧಿಯ ಪ್ರಯಾಣಕ್ಕೆ ಬುಕ್ ಮಾಡಿದ್ದವರಿಗೆ ಪೂರ್ಣ ಹಣ ವಾಪಸ್. ಉಳಿದವರಿಗೆ ವಿಮಾನ ಸಂಸ್ಥೆಗೆ ಕಷ್ಟವಿದ್ದಲ್ಲಿ 2021ರ ಮಾರ್ಚ್ 31ರ ತನಕ ಬಳಸಬಹುದಾದ, ಬೇರೆಯವರಿಗೂ ಕೊಡಬಹುದಾದ ಕ್ರೆಡಿಟ್. ಏಜೆಂಟ್ ಮೂಲಕ ಕೊಂಡವರ ಹಣ ಏಜೆಂಟನ ಖಾತೆಗೇ ಹೋಗುತ್ತದೆ ಎಂಬುದು ಹಲವರಿಗೆ ತಿಳಿಯಲೇ ಇಲ್ಲ.

ಸತ್ತವರಿಗೂ ಗಡಿ

ಈ ವಿಚಾರ ಬರೆಯದೆ ಬಿಡುವಂತಿಲ್ಲ. 2020ರ ಏಪ್ರಿಲ್‌ನಲ್ಲಿ ಪ್ರಯಾಣಿಕ ವಿಮಾನವಿಲ್ಲದ ಕಾರಣ ಮೃತದೇಹಗಳು ಸರಕು ವಿಮಾನದಲ್ಲಿ ಬರುತ್ತಿದ್ದವು. ಏಪ್ರಿಲ್ 23ರಂದು ಅಬುಧಾಬಿಯಿಂದ ದೆಹಲಿ ತಲುಪಿದ ಮೂವರ ಶವಗಳನ್ನು ಇಳಿಸಲು ಬಿಡದೆ ಅದೇ ವಿಮಾನದಲ್ಲಿ ಹಿಂದಕ್ಕೆ ಕಳುಹಿಸಲಾಯಿತು. ಅವರು ಕೊರೊನಾದಿಂದ ಸತ್ತವರಲ್ಲ. ಎರಡು ದಿನಗಳ ನಂತರ ಗೃಹ ಸಚಿವಾಲಯ ಹೊಸ ನಿಯಮ ಹೊರಡಿಸಿ ಅವಕಾಶ ಕೊಟ್ಟಿತು. ಕೊರೊನಾದಿಂದ ತೀರಿಕೊಂಡವರು ಮಾತ್ರ ಅಲ್ಲಿಯ ಮಣ್ಣಲ್ಲೇ ಉಳಿದರು. ಕಾಸರಗೋಡಿನ ಹಲವು ಮನೆಗಳವರು ಮೊಬೈಲ್ ಪರದೆಯಲ್ಲಿ ಕೊನೆಯ ಬಾರಿ ಮುಖ ಕಂಡರು. ಆಗಸ್ಟ್ 7ರಂದು ದುಬೈಯಿಂದ ಕೋಝಿಕ್ಕೋಡಿಗೆ ಬಂದ ವಂದೇ ಭಾರತ್ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಬಿದ್ದು 21 ಮಂದಿ ಸತ್ತರು. ಅದರಲ್ಲಿದ್ದ 190 ಮಂದಿಯಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ಕಾದು ಸೀಟು ಪಡೆದವರು.

ವಿಮೆಯ ಮಾತು ಇಲ್ಲಿ ಬರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 10 ಲಕ್ಷ ರೂಪಾಯಿ. ಆದರೆ ಅದು ಕಡ್ಡಾಯವಿರುವುದು ಹತ್ತನೆಯ ತರಗತಿ ಪಾಸಾಗದೆ, ಎಮಿಗ್ರೇಶನ್ ಕ್ಲಿಯರೆನ್ಸ್ ಪಡೆದು 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ.

ಸಮಸ್ಯೆಯ ಬೇರು ಇರುವುದೇ ಇಲ್ಲಿ. ಕೆಲಸಕ್ಕಾಗಿ ಯಾರು ಎಲ್ಲಿಗೆ ಹೋದರು ಎಂದು ಸರಕಾರದ ಲೆಕ್ಕಕ್ಕೆ ಸಿಗುವುದು ಈ ಒಂದು ವರ್ಗ ಮಾತ್ರ. ಹತ್ತನೆಯ ತರಗತಿ ದಾಟಿದವನು, ವಿಸಿಟ್ ವೀಸಾದಲ್ಲಿ ಹೋದವನು ಆ ಲೆಕ್ಕದಲ್ಲಿ ಇಲ್ಲ. ಕಾಸರಗೋಡಿನಿಂದ ಈಗ ಹೋಗುವವರಲ್ಲಿ ಹೆಚ್ಚಿನವರು ಇವರೇ. 2020ರ ಏಪ್ರಿಲ್‌ನಲ್ಲಿ ಸರಕಾರಗಳು ಸೊನ್ನೆಯಿಂದ ಪಟ್ಟಿ ಮಾಡಲು ಕುಳಿತದ್ದು ಇದೇ ಕಾರಣಕ್ಕೆ. ಐದು ವಾರ ಹೋದದ್ದು ವಿಮಾನ ಇಲ್ಲದೆ ಮಾತ್ರವಲ್ಲ, ಯಾರನ್ನು ತರಬೇಕೆಂದು ಗೊತ್ತಿಲ್ಲದೆ. ಅನಿವಾಸಿಗಳು ಕಳುಹಿಸುವ ಹಣಕ್ಕೆ ಪೈಸೆ ಲೆಕ್ಕ ಇಡುವ ದೇಶ, ಕಳುಹಿಸುವವನ ಲೆಕ್ಕ ಇಟ್ಟಿರಲಿಲ್ಲ.

ಬಂದ ಮೇಲೆ

2021ರ ಆರಂಭಕ್ಕೆ ಕೇರಳಕ್ಕೆ ಮರಳಿದ ಅನಿವಾಸಿಗಳು 8 ಲಕ್ಷ ದಾಟಿದ್ದರು, ಅವರಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಹೋಯಿತು ಎಂದು ಹೇಳಿಕೊಂಡವರು. ರಜೆಯಲ್ಲಿ ಬಂದು ಹಿಂತಿರುಗಲಾಗದವರಿಗೆ ರಾಜ್ಯ 5,000 ರೂಪಾಯಿ ಕೊಟ್ಟಿತು. ಎರಡು ವರ್ಷ ವಿದೇಶದಲ್ಲಿ ದುಡಿದು ಮರಳಿದವರಿಗೆ ನೋರ್ಕಾದ ಎನ್‌ಡಿಪ್ರೇಮ್ ಯೋಜನೆಯಲ್ಲಿ 30 ಲಕ್ಷದವರೆಗಿನ ಉದ್ಯಮ ಸಾಲಕ್ಕೆ ಶೇ. 15ರ, ಗರಿಷ್ಠ 3 ಲಕ್ಷದ ಸಬ್ಸಿಡಿ ಇದೆ. ಅದಕ್ಕೂ ಬ್ಯಾಂಕ್ ಒಪ್ಪಬೇಕು. ಪ್ರವಾಸಿ ಕಲ್ಯಾಣ ಮಂಡಳಿಗೆ ಹೊರದೇಶದಲ್ಲಿದ್ದಾಗ ತಿಂಗಳಿಗೆ 350 ರೂಪಾಯಿಯಂತೆ ಕನಿಷ್ಠ ಐದು ವರ್ಷ ಕಟ್ಟಿದವರಿಗೆ 60ರ ಬಳಿಕ ಪಿಂಚಣಿ ಉಂಟು. ಉಪ್ಪಳ, ಕುಂಬಳೆ ಪೇಟೆಗಳಲ್ಲಿ ಆ ಎರಡು ವರ್ಷಗಳಲ್ಲಿ ತೆರೆದ ಚಹಾ ಅಂಗಡಿ, ಹಣ್ಣಿನ ಗಾಡಿಗಳಿಗೆ ಈ ಯಾವ ಯೋಜನೆಯ ಫಲಕವೂ ಇರಲಿಲ್ಲ.

ಇನ್ನು ತಲಪಾಡಿ. 2020ರ ಮಾರ್ಚ್ ಕೊನೆಗೆ ಕರ್ನಾಟಕ ರಸ್ತೆಗೆ ಮಣ್ಣು ಸುರಿದಾಗ ಡಯಾಲಿಸಿಸಿಗೆ, ಹೆರಿಗೆಗೆ ಮಂಗಳೂರನ್ನೇ ನಂಬಿದ್ದ ಜಿಲ್ಲೆಯ ಹಲವು ರೋಗಿಗಳು ಪ್ರಾಣ ಕಳೆದುಕೊಂಡರು. ತಡೆ ತೆಗೆಸುವಂತೆ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿತು, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಏಪ್ರಿಲ್ 7ರಂದು, ತುರ್ತು ರೋಗಿಗಳನ್ನು ಬಿಡಲು ಎರಡೂ ರಾಜ್ಯ ಒಪ್ಪಿವೆ ಎಂಬಲ್ಲಿಗೆ ಮುಗಿಯಿತು. ಆ ಒಪ್ಪಂದ ರೋಗಿಗಳಿಗೆ ಮಾತ್ರ. ಮಂಗಳೂರಿನಲ್ಲಿ ಇಳಿಯುವ ಕಾಸರಗೋಡಿನ ಪ್ರಯಾಣಿಕನನ್ನು ತಲಪಾಡಿ ತನಕ ಯಾರು ತರಬೇಕು, ಆಚೆಯಿಂದ ಯಾರು ಕರೆದೊಯ್ಯಬೇಕು ಎಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಂಥ ಒಪ್ಪಂದವನ್ನು ರೋಗವಾಗಲಿ ಯುದ್ಧವಾಗಲಿ ಇಲ್ಲದ ದಿನಗಳಲ್ಲೇ ಮಾಡಿಡಬೇಕು. ಎರಡು ಜಿಲ್ಲೆಗಳ ಜಿಲ್ಲಾಧಿಕಾರಿಗಳು ಒಂದು ಮಧ್ಯಾಹ್ನ ಮೇಜಿನ ಮುಂದೆ ಕುಳಿತರೆ ಬರೆದು ಮುಗಿಸಬಹುದಾದಷ್ಟೇ ಕೆಲಸ ಅದು.